‘ಪುಟ್ ಆಫ್’ ಅಂದರೆ ಮುಂದಕ್ಕೋ ಹಿಂದಕ್ಕೋ? ಇಂಗ್ಲಿಷ್ ನೋಟಿಸ್ ತಿದ್ದಿ ಕೊಡಿ

ಸಾಗರ_ಬೆಳೆಗಾರರ_ಬಳಗ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಳೆರೋಗದ ಬಗ್ಗೆ ಜುಲೈ 12ಕ್ಕೆ ಇಟ್ಟುಕೊಂಡಿದ್ದ ತರಬೇತಿಯನ್ನು ಮಳೆ ಜಾಸ್ತಿಯಾದ್ದರಿಂದ 19ಕ್ಕೆ ಹಾಕಿದ್ದೇವೆ. ಕನ್ನಡ ನೋಟಿಸ್‌ಗೆ ತೊಂದರೆ ಆಗಲಿಲ್ಲ, ‘ಕಾರ್ಯಕ್ರಮವನ್ನು ಒಂದು ವಾರ ಮುಂದಕ್ಕೆ ಹಾಕಲಾಗಿದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹೊರರಾಜ್ಯದಿಂದ ಬರುವ ಇಬ್ಬರು ತಜ್ಞರಿಗೆ ಹೋದ ಇಂಗ್ಲಿಷ್ ಒಕ್ಕಣೆ ಹೀಗಿತ್ತು:

‘ಡ್ಯೂ ಟು ಹೆವಿ ರೇನ್ ದಿ ಟ್ರೈನಿಂಗ್ ಈಸ್ ಪುಟ್ ಫಾರ್ವರ್ಡ್ ಬೈ ಒನ್ ವೀಕ್. ವಿ ಪುಟ್ ಆಫ್ ಟು ವಿಸಿಟ್ ದಿ ಗಾರ್ಡನ್ ಆಲ್ಸೋ.’

ಅವರಲ್ಲಿ ಒಬ್ಬರು ‘ಹಾಗಾದರೆ 5ನೇ ತಾರೀಖಿಗೇ ಬರಬೇಕೇ?’ ಎಂದು ತಿರುಗಿ ಕೇಳಿದ್ದಾರೆ. ತಪ್ಪು ಎಲ್ಲಿದೆ? ಪುಟ್ ಫಾರ್ವರ್ಡ್, ಪುಟ್ ಆಫ್ ಎರಡೂ ಒಂದೇ ಅಲ್ಲವೇ? ಎರಡನೇ ವಾಕ್ಯ ಸರಿ ಇದೆಯೇ? ಇವತ್ತು ಸಂಜೆಯೊಳಗೆ ತಿದ್ದಿದ ಪ್ರತಿ ಕಳಿಸಬೇಕು.

ತೀರ್ಥಹಳ್ಳಿ_ಮೇಷ್ಟ್ರು

ಮೊದಲು ಆ ತಜ್ಞರಿಗೆ ಫೋನ್ ಮಾಡಿ ‘ನೈನ್ಟೀನ್ತ್ ಜುಲೈ’ ಅಂತ ಬಾಯಲ್ಲಿ ಹೇಳಿಬಿಡಿ. ವ್ಯಾಕರಣ ಆಮೇಲೆ ನೋಡೋಣ. ಅವರು ಓದಿಕೊಂಡಿದ್ದು ತಪ್ಪಲ್ಲ. ಬ್ರಿಟಿಷ್ ಬಳಕೆಯಲ್ಲಿ ಒಂದು ಸಭೆಯನ್ನು ‘ಪುಟ್ ಫಾರ್ವರ್ಡ್’ ಅಥವಾ ‘ಬ್ರಿಂಗ್ ಫಾರ್ವರ್ಡ್’ ಮಾಡಿದರು ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುತ್ತಾರೆ ಅಂತ ಅರ್ಥ. 12ರಿಂದ ಒಂದು ವಾರ ಫಾರ್ವರ್ಡ್ ಆದರೆ 5. ಹಾಗಾಗಿ ಅವರ ಲೆಕ್ಕ ಸರಿ.

ನಿಮಗೆ ಬೇಕಿದ್ದದ್ದು ‘ಪುಟ್ ಆಫ್’. ಈಗ ಆಗಬೇಕಾದ್ದನ್ನು ನಂತರದ ದಿನಕ್ಕೆ ದೂಡುವುದು, ನಮ್ಮ ‘ಮುಂದೂಡು’. ‘ಪುಟ್ ಫಾರ್ವರ್ಡ್’ಗೆ ಇನ್ನೂ ಹೆಚ್ಚು ಚಾಲ್ತಿಯಲ್ಲಿರುವ ಅರ್ಥವೊಂದಿದೆ: ಸಲಹೆಯನ್ನೋ ಹೆಸರನ್ನೋ ಸಭೆಯ ಮುಂದಿಡುವುದು. ‘ಶಿ ಪುಟ್ ಫಾರ್ವರ್ಡ್ ಎ ಪ್ರಪೋಸಲ್’ ಅಂದರೆ ಆಕೆ ಒಂದು ಪ್ರಸ್ತಾಪ ಮಂಡಿಸಿದಳು. ತಾರೀಖಿನ ವಿಷಯಕ್ಕೆ ಈ ಮಾತನ್ನು ಬಳಸದಿರುವುದೇ ಕ್ಷೇಮ.

ನಿಮ್ಮ ಎರಡನೇ ವಾಕ್ಯದ ತಪ್ಪು ಬೇರೆ ಜಾತಿಯದು. ‘ಪುಟ್ ಆಫ್’ ಆದ ಮೇಲೆ ‘ಟು ವಿಸಿಟ್’ ಬರುವುದಿಲ್ಲ, ‘ವಿಸಿಟಿಂಗ್’ ಬರಬೇಕು. ‘ಹೋಗುವುದನ್ನು ಮುಂದೂಡಿದೆವು’ ಅನ್ನುವಾಗ ನಾವು ‘ಹೋಗುವುದು’ ಅಂತ ಕ್ರಿಯೆಯನ್ನು ಹೆಸರು ಮಾಡಿಕೊಂಡು ಅದಕ್ಕೆ ‘ಅನ್ನು’ ಹಚ್ಚುತ್ತೇವಲ್ಲ, ಆ ಕೆಲಸವನ್ನೇ ಇಂಗ್ಲಿಷಿನ ‘ಇಂಗ್’ ಮಾಡುತ್ತದೆ. ‘ಹೋಗಲು ಮುಂದೂಡಿದೆವು’ ಅಂತ ಕನ್ನಡದಲ್ಲೂ ಯಾರೂ ಹೇಳುವುದಿಲ್ಲ ನೋಡಿ. ‘ಪೋಸ್ಟ್‌ಪೋನ್’, ‘ಡಿಲೇ’, ‘ಅವಾಯ್ಡ್’ ಇವುಗಳಿಗೂ ಇದೇ ನಿಯಮ.

ಅನುವಾದಕಿ_ಶಿವಮೊಗ್ಗ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಈ ತಪ್ಪು ನಮ್ಮಲ್ಲೇ ಯಾಕೆ ಇಷ್ಟು ಸಲ ಆಗುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು, ಇಲ್ಲದಿದ್ದರೆ ಮುಂದಿನ ನೋಟಿಸ್‌ನಲ್ಲೂ ಮರುಕಳಿಸುತ್ತದೆ.

ಕನ್ನಡಕ್ಕೆ ‘ಮುಂದೆ’ ಅಂದರೆ ಇನ್ನೂ ಬರಬೇಕಾದ ಕಾಲ, ‘ಹಿಂದೆ’ ಅಂದರೆ ಕಳೆದದ್ದು. ಮುಂದಿನ ವಾರ, ಹಿಂದಿನ ವರ್ಷ. ನಾವು ದಾರಿಯಲ್ಲಿ ನಡೆಯುತ್ತಿದ್ದೇವೆ, ಎದುರಿಗೆ ಭವಿಷ್ಯ ಇದೆ ಅನ್ನುವ ಚಿತ್ರ ಅದು. ಹಾಗಾಗಿ ಸಭೆಯನ್ನು ‘ಮುಂದಕ್ಕೆ’ ಹಾಕಿದರೆ ಅದು ನಮ್ಮಿಂದ ಇನ್ನಷ್ಟು ದೂರ ಹೋಗುತ್ತದೆ, ತಡವಾಗುತ್ತದೆ.

ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ನಲ್ಲಿ ಇರುವ ಚಿತ್ರವೇ ಬೇರೆ. ದಿನಗಳು ಸಾಲಾಗಿ ನಮ್ಮ ಕಡೆಗೆ ನಡೆದು ಬರುತ್ತಿವೆ, ಸಾಲಿನ ಮುಂದಿರುವುದು ಮೊದಲು ಮುಟ್ಟುತ್ತದೆ. ಇದು ನಮಗೆ ಅಪರಿಚಿತ ಅಂದುಕೊಳ್ಳಬೇಡಿ. ಮುಂಗಾರು ಮೊದಲು, ಹಿಂಗಾರು ಆಮೇಲೆ! ಅಲ್ಲಿ ‘ಮುಂ’ ಅಂದರೆ ಮೊದಲು ಬಂದದ್ದು, ‘ಹಿಂ’ ಅಂದರೆ ನಂತರದ್ದು. ಮುಂಗೋಳಿ, ಮುಂಗಡ, ಮುಂಚೆ ಎಲ್ಲವೂ ಈ ಲೆಕ್ಕದವೇ. ಅಂದರೆ ಎರಡು ಚಿತ್ರಗಳೂ ಕನ್ನಡದ ಒಳಗೇ ಇವೆ. ‘ಮುಂದಕ್ಕೆ ಹಾಕು’ ಅನ್ನುವಾಗ ‘ಮುಂದಿನ ವಾರ’ದ ಲೆಕ್ಕ ಹಿಡಿಯುತ್ತೇವೆ. ‘ಬ್ರಿಂಗ್ ಫಾರ್ವರ್ಡ್’ ಓದುವಾಗ ಮುಂಗಾರಿನ ಲೆಕ್ಕ ಹಿಡಿಯಬೇಕು. ಇಷ್ಟು ನೆನಪಿದ್ದರೆ ಸಾಕು.

ಇಂಗ್ಲಿಷಿನವರಿಗೂ ಈ ಗೊಂದಲ ಇದೆ. ‘ಬುಧವಾರದ ಸಭೆಯನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದ್ದಾರೆ, ಈಗ ಯಾವ ದಿನ?’ ಎಂಬ ಪ್ರಶ್ನೆ ಭಾಷಾ ಮನೋವಿಜ್ಞಾನದಲ್ಲಿ ಬಹಳ ಪ್ರಸಿದ್ಧ. ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿಮಾನ ನಿಲ್ದಾಣದಲ್ಲೂ ಕೇಳಿದರು. ಆಗಷ್ಟೇ ವಿಮಾನ ಇಳಿದು ಬಂದವರು ಹೆಚ್ಚಾಗಿ ಶುಕ್ರವಾರ ಅಂದರು. ತಾವೇ ಮುಂದೆ ಸಾಗಿ ಬಂದವರಿಗೆ ಸಭೆಯೂ ಮುಂದೆ ಸಾಗಿದಂತೆ ಕಂಡಿತು.

‘ಪುಟ್ ಆಫ್’ಗೆ ಈ ಕಾಟವೇ ಇಲ್ಲ. ‘ಆಫ್’ ಅಂದರೆ ಇರುವ ಜಾಗದಿಂದ ಆಚೆಗೆ ಸರಿಸುವುದು, ಅದರಲ್ಲಿ ಮುಂದೂ ಇಲ್ಲ ಹಿಂದೂ ಇಲ್ಲ. ತಾರೀಖಿನ ವಿಷಯದಲ್ಲಿ ಅದು ಯಾವತ್ತೂ ನಂತರಕ್ಕೇ.

ಲೆಡ್ಜರ್_ಹೊಸನಗರ

ಸಹಕಾರ ಸಂಘಗಳ ಕಡೆಯವರು ಈ ತಪ್ಪು ಮಾಡಲು ಇನ್ನೊಂದು ಕಾರಣ ಖಾತೆ ಪುಸ್ತಕ. ಪುಟದ ಕೊನೆಯಲ್ಲಿ ‘ಸಿ/ಎಫ್’, ಅಂದರೆ ಕ್ಯಾರೀಡ್ ಫಾರ್ವರ್ಡ್: ಮೊತ್ತ ಮುಂದಿನ ಪುಟಕ್ಕೆ ಹೋಯಿತು. ಆ ಪುಟದ ತಲೆಯಲ್ಲಿ ‘ಬಿ/ಎಫ್’, ಬ್ರಾಟ್ ಫಾರ್ವರ್ಡ್: ಹಿಂದಿನ ಪುಟದಿಂದ ಬಂತು. ಇಲ್ಲಿ ಫಾರ್ವರ್ಡ್ ಅಂದರೆ ನಂತರದ್ದೇ. ದಿನಾ ಅದನ್ನು ಬರೆಯುವ ಕೈಗೆ ‘ಪುಟ್ ಫಾರ್ವರ್ಡ್ ಬೈ ಒನ್ ವೀಕ್’ ತಪ್ಪು ಅಂತ ಅನ್ನಿಸುವುದೇ ಇಲ್ಲ. ಲೆಡ್ಜರ್‌ನ ಫಾರ್ವರ್ಡ್ ಬೇರೆ, ಕ್ಯಾಲೆಂಡರಿನ ಫಾರ್ವರ್ಡ್ ಬೇರೆ ಅಂತ ಇಟ್ಟುಕೊಳ್ಳಿ.

ಸಾಗರ_ಬೆಳೆಗಾರರ_ಬಳಗ

ಫೋನ್ ಮಾಡಿ ತಾರೀಖು ಹೇಳಿ ಆಯಿತು, ಧನ್ಯವಾದ ಮೇಷ್ಟ್ರೇ. ಮುಂಗಾರು ಹಿಂಗಾರಿನ ಹೋಲಿಕೆ ಚೆನ್ನಾಗಿ ತಲೆಗೆ ಹೋಯಿತು ಮೇಡಂ. ಹಾಗಾದರೆ ‘ಪುಷ್ ಬ್ಯಾಕ್’ ಅಂದರೆ? ಒಬ್ಬ ತಜ್ಞರ ಉತ್ತರದಲ್ಲಿ ‘ಸೋ ಇಟ್ ಈಸ್ ಪುಷ್ಡ್ ಬ್ಯಾಕ್?’ ಅಂತ ಇದೆ.

ಅನುವಾದಕಿ_ಶಿವಮೊಗ್ಗ

ಅದೂ ಹಿಂಗಾರಿನ ಲೆಕ್ಕವೇ. ಸಾಲಿನಲ್ಲಿ ಹಿಂದಕ್ಕೆ ತಳ್ಳಿದರು, ಅಂದರೆ ತಡವಾಯಿತು. ‘ಪುಷ್ ಬ್ಯಾಕ್’, ‘ಪುಟ್ ಬ್ಯಾಕ್’ ಎರಡೂ ನಂತರಕ್ಕೆ. ಅಮೆರಿಕದವರ ‘ಮೂವ್ ಅಪ್’ ಮಾತ್ರ ಮೊದಲಿಗೆ. ಗಡಿಯಾರಕ್ಕೆ ಬಂದರೆ ಮತ್ತೆ ಉಲ್ಟಾ: ‘ಪುಟ್ ದಿ ಕ್ಲಾಕ್ ಬ್ಯಾಕ್’ ಅಂದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸುವುದು, ಹತ್ತು ಗಂಟೆ ಇದ್ದದ್ದು ಒಂಬತ್ತಾಗುತ್ತದೆ. ಸಭೆಯನ್ನು ಒಂದು ಗಂಟೆ ‘ಪುಟ್ ಬ್ಯಾಕ್’ ಮಾಡಿದರೆ ಹತ್ತರದ್ದು ಹನ್ನೊಂದಕ್ಕೆ ಹೋಗುತ್ತದೆ. ಅದಕ್ಕೇ ನೋಟಿಸ್‌ನಲ್ಲಿ ಹಳೆ ತಾರೀಖು, ಹೊಸ ತಾರೀಖು ಎರಡನ್ನೂ ವಾರದ ಹೆಸರಿನ ಸಮೇತ ಬರೆಯಿರಿ ಅನ್ನುವುದು.

‘ಪ್ರಿಪೋನ್’, ಅಂದರೆ ಗೊತ್ತಾದ ದಿನಕ್ಕಿಂತ ಮೊದಲಿಗೆ ತರುವುದು, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಭಾರತದ ಇಂಗ್ಲಿಷ್ ಅಂತ ಆಕ್ಸ್‌ಫರ್ಡ್ ನಿಘಂಟುಗಳು ಗುರುತು ಹಾಕಿ ಸೇರಿಸಿಕೊಂಡಿವೆ. ನನ್ನ ಮಟ್ಟಿಗೆ ಒಳ್ಳೆಯ ಪದ, ಎರಡರ್ಥಕ್ಕೆ ಎಡೆಯೇ ಇಲ್ಲ. ದೇಶದೊಳಗಿನ ಪತ್ರಕ್ಕೆ ಧೈರ್ಯವಾಗಿ ಬಳಸಬಹುದು.

ದ್ವಿತೀಯ_ಪಿಯುಸಿ_ರಿಪ್ಪನ್‌ಪೇಟೆ

ಸರ್, ಪರೀಕ್ಷೆಗೆ ಕೇಳುತ್ತಿದ್ದೇನೆ. ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’ ಎರಡೂ ಸರಿಯಾ? ಹಾಗಿದ್ದರೆ ‘ಪುಟ್ ಆಫ್ ಇಟ್’ ಯಾಕೆ ತಪ್ಪು? ‘ಪುಟೆಡ್ ಆಫ್’ ಅಂತ ಬರೆಯಬಹುದಾ?

ತೀರ್ಥಹಳ್ಳಿ_ಮೇಷ್ಟ್ರು

ಎರಡೂ ಸರಿ ಕಣಮ್ಮ. ಕರ್ಮಪದ ನಾಮಪದವಾದರೆ ಮಧ್ಯದಲ್ಲಾದರೂ ಕೂರಬಹುದು, ಕೊನೆಯಲ್ಲಾದರೂ ಕೂರಬಹುದು. ಸರ್ವನಾಮವಾದರೆ ಮಧ್ಯದಲ್ಲೇ ಕೂರಬೇಕು: ‘ಪುಟ್ ಇಟ್ ಆಫ್’, ‘ಪುಟ್ ದೆಮ್ ಆಫ್’. ಇಂಗ್ಲಿಷಿನಲ್ಲಿ ವಾಕ್ಯದ ಒತ್ತು ಸಾಮಾನ್ಯವಾಗಿ ಕೊನೆಯ ಕಡೆ ಬೀಳುತ್ತದೆ. ‘ಇಟ್’ ಒತ್ತು ಹೊರಲಾರದಷ್ಟು ಹಗುರದ ಪದ, ‘ಆಫ್’ ಹೊರುತ್ತದೆ. ಗಟ್ಟಿಯಾಗಿ ಹೇಳಿ ನೋಡು: ‘ಪುಟಿಟ್ ಆಆಫ್’. ನಾಲಿಗೆಗೆ ತಾನಾಗಿ ಕೂರುತ್ತದೆ. ಅದೇ ಕರ್ಮಪದ ಉದ್ದವಿದ್ದರೆ ಕೊನೆಗೆ ಹಾಕು. ‘ದೇ ಪುಟ್ ಆಫ್ ದಿ ಟ್ರೈನಿಂಗ್ ಫಾರ್ ಅರೆಕಾನಟ್ ಗ್ರೋವರ್ಸ್ ಆಫ್ ಸಾಗರ ತಾಲೂಕ್.’ ಇಷ್ಟನ್ನೂ ಮಧ್ಯೆ ತುರುಕಿದರೆ ‘ಪುಟ್’ ಒಂದು ಊರಲ್ಲಿ, ‘ಆಫ್’ ಇನ್ನೊಂದು ಊರಲ್ಲಿ ಆಗುತ್ತವೆ.

‘ಪುಟೆಡ್’ ಇಲ್ಲ. ಪುಟ್‌ಗೆ ಮೂರು ಕಾಲಕ್ಕೂ ಒಂದೇ ರೂಪ. ‘ದೇ ಪುಟ್ ಆಫ್ ದಿ ಎಕ್ಸಾಮ್’ ಅನ್ನುವುದು ವರ್ತಮಾನವೋ ಭೂತವೋ ಅಂತ ‘ಎಸ್ಟರ್ಡೇ’ಯಂಥ ಪದದಿಂದಲೇ ತಿಳಿಯಬೇಕು. ಹಿ, ಶಿ, ಇಟ್ ಬರುವ ಏಕವಚನದಲ್ಲಿ ಮಾತ್ರ ಗುರುತು ಸಿಗುತ್ತದೆ, ‘ಹಿ ಪುಟ್ಸ್ ಆಫ್’ ಆದರೆ ವರ್ತಮಾನ, ‘ಹಿ ಪುಟ್ ಆಫ್’ ಆದರೆ ಭೂತ. ‘ಪುಟಿಂಗ್’ ಬರೆಯುವಾಗ ಟಿ ಎರಡು.

ಮೌಲ್ಯಮಾಪನದಲ್ಲಿ ಅಂಕ ಹೋಗುವ ಇನ್ನೊಂದು ಜಾಗ ಕಾಗುಣಿತ. ಕನ್ನಡದಲ್ಲಿ ‘ಆಫ್’ ಅಂತ ಬರೆಯುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಒಂದು ಎಫ್ ಇರುವುದು ‘ಅದರ, ಇದರ’ ಅನ್ನುವ ಸಂಬಂಧದ ಪದ, ಉಚ್ಚಾರದಲ್ಲಿ ‘ಅವ್’ಗೆ ಹತ್ತಿರ. ಮುಂದೂಡುವುದಕ್ಕೆ ಎಫ್ ಎರಡು ಬೇಕು.

ಕೋರ್ಟ್_ಬೆರಳಚ್ಚು

ಮೂರು ಪದಗಳನ್ನು ಜನ ಕಲಸಿಬಿಡುತ್ತಾರೆ. ಕೆಲಸದ ದೃಷ್ಟಿಯಿಂದ ಬೇರೆ ಮಾಡಿ ಹೇಳುತ್ತೇನೆ.

‘ಕಾಲ್ ಆಫ್’ ಅಂದರೆ ರದ್ದು. ಹೊಸ ತಾರೀಖಿನ ಮಾತೇ ಇಲ್ಲ. ಮುಷ್ಕರ ಹಿಂತೆಗೆದುಕೊಂಡರೂ ಅದೇ ಪದ. ನಮ್ಮ ಕಡೆ ಮಾತಲ್ಲಿ ‘ಪ್ರೋಗ್ರಾಂ ಕ್ಯಾನ್ಸಲ್ ಆಯ್ತು, ಬರುವ ಭಾನುವಾರಕ್ಕಂತೆ’ ಅಂತ ಸಲೀಸಾಗಿ ಅನ್ನುತ್ತೇವೆ. ಅದನ್ನೇ ಬರೆದರೆ ಹೊರಗಿನವರು ಟಿಕೆಟ್ ರದ್ದು ಮಾಡಿಸಿ ಕೂರುತ್ತಾರೆ.

‘ಅಡ್ಜರ್ನ್’ ಅನ್ನುವುದು ನ್ಯಾಯಾಲಯ, ಸದನ, ಸಭೆಯ ಕಲಾಪಕ್ಕೆ. ಶುರುವಾದದ್ದನ್ನು ಅಲ್ಲಿಗೆ ನಿಲ್ಲಿಸಿ ಮತ್ತೊಂದು ವಾಯಿದೆ ಕೊಡುವುದು. ಶುರುವೇ ಆಗದ ತರಬೇತಿಗೆ ‘ಅಡ್ಜರ್ನ್ಡ್’ ಬರೆಯಬೇಡಿ. ಸಭೆ ಸೇರಿ, ಕೋರಂ ಇಲ್ಲದೆ ಎದ್ದರೆ ಆಗ ಅಡ್ಜರ್ನ್ ಸರಿ.

‘ಪುಟ್ ಆಫ್’ ಮಾತಿನ ಪದ, ‘ಪೋಸ್ಟ್‌ಪೋನ್’ ಕಾಗದದ ಪದ. ಲ್ಯಾಟಿನ್‌ನಲ್ಲಿ ‘ಪೋಸ್ಟ್’ ಅಂದರೆ ನಂತರ, ‘ಪೊನೆರೆ’ ಅಂದರೆ ಇಡು. ಅರ್ಥ ಒಂದೇ, ಉಡುಪು ಬೇರೆ. ಸೀಲು ಹಾಕಿ ಹೋಗುವ ನೋಟಿಸ್‌ಗೆ ಪೋಸ್ಟ್‌ಪೋನ್ ಒಪ್ಪುತ್ತದೆ. ವಾಟ್ಸಾಪ್ ಸಂದೇಶಕ್ಕೆ ಪುಟ್ ಆಫ್ ಸಾಕು. ಇನ್ನು ರೈಲು ವಿಮಾನಕ್ಕೆ ಎರಡೂ ಬೇಡ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನ ತಡವಾದರೆ ‘ಡಿಲೇಡ್’, ರೈಲು ಹೊರಡುವ ಸಮಯವನ್ನೇ ಬದಲಿಸಿದರೆ ‘ರೀಶೆಡ್ಯೂಲ್ಡ್’.

ಅನುವಾದಕಿ_ಶಿವಮೊಗ್ಗ

ಬೆರಳಚ್ಚು ಅವರೇ, ‘ಅರ್ಥ ಒಂದೇ’ ಅನ್ನುವುದಕ್ಕೆ ಒಂದು ತಿದ್ದುಪಡಿ. ‘ಪುಟ್ ಆಫ್’ ಪಕ್ಕದಲ್ಲಿ ‘ಇಂಗ್’ ಬಂದಾಗ ಬಹಳ ಸಲ ‘ಮನಸ್ಸಿಲ್ಲದೆ’ ಅನ್ನುವ ಛಾಯೆ ಸೇರುತ್ತದೆ. ‘ಹಿ ಕೀಪ್ಸ್ ಪುಟಿಂಗ್ ಆಫ್ ಗೋಯಿಂಗ್ ಟು ದಿ ಡೆಂಟಿಸ್ಟ್’, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಇವತ್ತು ನಾಳೆ ಅಂತ ತಳ್ಳುತ್ತಲೇ ಇದ್ದಾನೆ. ಪೋಸ್ಟ್‌ಪೋನ್‌ನಲ್ಲಿ ಆ ಮೈಗಳ್ಳತನದ ವಾಸನೆ ಇಲ್ಲ. ‘ನಾಳೆ ಎಂದವನ ಮನೆ ಹಾಳು’ ಅನ್ನುವ ಗಾದೆಯ ‘ನಾಳೆ ಎನ್ನು’ ಇದೆಯಲ್ಲ, ಈ ಪುಟ್ ಆಫ್‌ಗೆ ಅದಕ್ಕಿಂತ ಹತ್ತಿರದ ಕನ್ನಡ ನನಗೆ ಕಂಡಿಲ್ಲ.

ಅನುವಾದಿಸುವವರು ನೆನಪಿಡಿ: ‘ತಳ್ಳಿಹಾಕು’ ಅಂತ ಬರೆದರೆ ತಿರಸ್ಕರಿಸಿದಂತೆ. ‘ದಿನ ದೂಡು’ ಅಂದರೆ ಹೇಗೋ ಬದುಕು ಸಾಗಿಸುವುದು. ‘ಮೀನಮೇಷ ಎಣಿಸು’ ಅಂದರೆ ತೀರ್ಮಾನವೇ ಆಗದೆ ಡೋಲಾಯಮಾನ ಆಗಿರುವುದು. ಮೂರೂ ಪುಟ್ ಆಫ್ ಅಲ್ಲ.

ಉಂಬ್ಳೇಬೈಲು

ಇಲ್ಲಿಯವರೆಗೆ ಎಲ್ಲ ತಾರೀಖಿನದ್ದೇ ಆಯ್ತು. ಪುಟ್ ಆಫ್‌ನ ಕರ್ಮಪದ ಮನುಷ್ಯನಾದರೆ ಅರ್ಥವೇ ಬದಲಾಗುತ್ತದೆ ಮಾರಾಯ್ರೆ. ವಾಕ್ಯ ಸಿಕ್ಕ ತಕ್ಷಣ ಕೇಳಿಕೊಳ್ಳಬೇಕಾದ ಪ್ರಶ್ನೆ: ಆಚೆ ಸರಿಸಿದ್ದು ಕೆಲಸವನ್ನೋ, ಮನುಷ್ಯನನ್ನೋ?

ಮನುಷ್ಯನನ್ನು ಆದರೆ ಮೊದಲ ಅರ್ಥ ಸತಾಯಿಸುವುದು, ಓಡಾಡಿಸುವುದು. ಅಡಿಕೆ ಕೊನೆ ಇಳಿಸುವ ಕೊನೆಗೌಡ ಇವತ್ತು ಬರ್ತೇನೆ ನಾಳೆ ಬರ್ತೇನೆ ಅಂತ ಹೇಳಿಕೊಂಡೇ ಕಳೆದರೆ ‘ಹಿ ಕೀಪ್ಸ್ ಪುಟಿಂಗ್ ಅಸ್ ಆಫ್’. ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುವ ವಾಡಿಕೆ ಇತ್ತಲ್ಲ, ಭೂತವನ್ನು ಪುಟ್ ಆಫ್ ಮಾಡುವುದು ಅಂದರೆ ಅದೇ. ಬರಬೇಡ ಅನ್ನುವುದಿಲ್ಲ, ಇವತ್ತಿಗೆ ಆಚೆ ಕಳಿಸುವುದು.

ಎರಡನೇ ಅರ್ಥ, ‘ಇದು ಬೇಡಪ್ಪ’ ಅನ್ನಿಸುವ ಹಾಗೆ ಮಾಡುವುದು. ‘ಲೀಚಸ್ ಪುಟ್ ಮೆನಿ ಪೀಪಲ್ ಆಫ್ ವಾಕಿಂಗ್ ಇನ್ ದಿ ಫಾರೆಸ್ಟ್’, ಉಂಬಳದ (ಕಾಡಿನ ಜಿಗಣೆಯ) ದೆಸೆಯಿಂದ ಎಷ್ಟೋ ಜನಕ್ಕೆ ಕಾಡಿಗೆ ಹೋಗುವ ಮನಸ್ಸೇ ಆಗುವುದಿಲ್ಲ. ಇಲ್ಲಿ ಕ್ರಮ ನೋಡಿ: ಪುಟ್, ಆಮೇಲೆ ಮನುಷ್ಯ, ಆಮೇಲೆ ಆಫ್, ಕೊನೆಗೆ ಯಾವುದರಿಂದ ಹಿಂಜರಿದರೋ ಆ ಕೆಲಸ. ‘ದಿ ಸ್ಮೆಲ್ ಪುಟ್ ಹಿಮ್ ಆಫ್ ಹಿಸ್ ಫುಡ್’ ಅಂದರೆ ವಾಸನೆಗೆ ಅವನಿಗೆ ಊಟ ಸೇರದೆ ಹೋಯಿತು. ಇದಕ್ಕೆ ಹೊಂದುವ ವಿಶೇಷಣವೂ ಇದೆ, ‘ಆಫ್‌ಪುಟಿಂಗ್’, ನೋಡಿದರೆ ಹಿಂದೆ ಸರಿಯಬೇಕು ಅನ್ನಿಸುವಂಥದ್ದು.

ಮೂರನೆಯದು, ಬ್ರಿಟಿಷ್ ಬಳಕೆ: ಗಮನ ತಪ್ಪಿಸುವುದು. ಯಕ್ಷಗಾನದ ಆಟದ ನಡುವೆ ಜನರೇಟರ್ ಸದ್ದಿಗೆ ಭಾಗವತರ ಲಯ ತಪ್ಪಿದರೆ ‘ದಿ ನಾಯ್ಸ್ ಪುಟ್ ಹಿಮ್ ಆಫ್’.

ಈಗ ಎಚ್ಚರಿಕೆ ಬೇಕಾದ ಜಾಗ. ‘ಪುಟ್ ಆಫ್ ಬೈ’ ಎರಡು ತರಹ. ‘ದಿ ಟ್ರೈನಿಂಗ್ ವಾಸ್ ಪುಟ್ ಆಫ್ ಬೈ ಎ ವೀಕ್’ ಅಂದರೆ ಒಂದು ವಾರದಷ್ಟು ಮುಂದೂಡಿದರು. ‘ದಿ ವಿಸಿಟರ್ಸ್ ವರ್ ಪುಟ್ ಆಫ್ ಬೈ ದಿ ರೇನ್’ ಅಂದರೆ ಬರಬೇಕಾದವರು ಮಳೆ ನೋಡಿ ಹಿಂಜರಿದರು. ಮುಂದೂಡಲು ಕಾರಣ ಮಳೆ ಅಂತ ಹೇಳಬೇಕಿದ್ದರೆ ‘ಬಿಕಾಸ್ ಆಫ್ ರೇನ್’ ಅನ್ನಿ, ಬೈ ಬೇಡ.

ತುಂಗಾ_ತೀರ

ಲೈಟು, ಫ್ಯಾನಿಗೆ ‘ಪುಟ್ ಆಫ್’ ಅನ್ನುವುದು ತಪ್ಪು ಅಂತ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ನನ್ನ ಪ್ರಕಾರ ತಪ್ಪಲ್ಲ, ಎಲ್ಲರಿಗೂ ಅರ್ಥವಾಗುತ್ತದೆ.

ತೀರ್ಥಹಳ್ಳಿ_ಮೇಷ್ಟ್ರು

ಪೂರ್ತಿ ತಪ್ಪು ಅಂತ ನಾನೂ ಹೇಳಲಾರೆ. ಲೈಟಿಗೆ ಪುಟ್ ಆನ್, ಪುಟ್ ಆಫ್ ಅನ್ನುವುದು ಬ್ರಿಟಿಷ್ ಇಂಗ್ಲಿಷಿನಲ್ಲೂ ಇದೆ. ಆದರೆ ಹೊರಗಿನವರ ಜೊತೆಗೆ ಸ್ವಿಚ್ ಆಫ್, ಟರ್ನ್ ಆಫ್ ಹೆಚ್ಚು ಸಹಜ. ದೀಪ, ಬೆಂಕಿ ಆರಿಸುವುದಕ್ಕೆ ‘ಪುಟ್ ಔಟ್’. ತೋಟದ ಸೊಪ್ಪಿಗೆ ಬೆಂಕಿ ಬಿದ್ದಾಗ ‘ಪುಟ್ ಆಫ್ ದಿ ಫೈರ್’ ಅಂದರೆ ನಡೆಯುವುದಿಲ್ಲ. ಬಟ್ಟೆ ಚಪ್ಪಲಿಯದ್ದು ಮಾತ್ರ ಇವತ್ತಿಗೆ ಖಂಡಿತ ತಪ್ಪು: ಹಾಕುವುದು ‘ಪುಟ್ ಆನ್’, ಬಿಚ್ಚುವುದು ‘ಟೇಕ್ ಆಫ್’. ಹಳೆಯ ಇಂಗ್ಲಿಷಿನಲ್ಲಿ ಬಿಚ್ಚುವುದಕ್ಕೂ ಪುಟ್ ಆಫ್ ಇತ್ತು, ಈಗ ಬಿಟ್ಟುಹೋಗಿದೆ.

ದೋಣಿಯದ್ದೊಂದು ಉಳಿದಿದೆ. ‘ದಿ ಬೋಟ್ ಪುಟ್ ಆಫ್ ಫ್ರಮ್ ದಿ ಶೋರ್’, ದೋಣಿ ದಡ ಬಿಟ್ಟಿತು. ಶರಾವತಿ ಹಿನ್ನೀರಿನ ಅಂಬಾರಗೋಡ್ಲಿನಲ್ಲಿ ಲಾಂಚ್ ದಡ ಬಿಡುತ್ತಿದ್ದುದನ್ನು ನೋಡಿದವರಿಗೆ ಈ ಪದದ ಮೂಲ ಚಲನೆ ಕಣ್ಣಿಗೆ ಕಟ್ಟುತ್ತದೆ. ಇದ್ದ ಅಂಚಿನಿಂದ ಮೆಲ್ಲಗೆ ಆಚೆ ಸರಿಯುವುದು, ಅಷ್ಟೇ ‘ಆಫ್’.

ಸಾಗರ_ಬೆಳೆಗಾರರ_ಬಳಗ

ಎಲ್ಲವನ್ನೂ ಓದಿ ಬರೆದದ್ದು ಇದು, ದಯವಿಟ್ಟು ನೋಡಿ:

‘ಬಿಕಾಸ್ ಆಫ್ ಹೆವಿ ರೇನ್, ದಿ ಟ್ರೈನಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಬೈ 19 ಜುಲೈ. ವಿ ಹ್ಯಾವ್ ಆಲ್ಸೋ ಪುಟ್ ಆಫ್ ವಿಸಿಟಿಂಗ್ ದಿ ಗಾರ್ಡನ್. ಪ್ಲೀಸ್ ಡು ನಾಟ್ ಪುಟ್ ಆಫ್ ದಿ ಸೆಕೆಂಡ್ ಸ್ಪ್ರೇ.’

ಕೊನೆಯ ಸಾಲು ಬೆಳೆಗಾರರ ಗುಂಪಿಗೆ. ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣ ಹೊಡೆದು 40ರಿಂದ 45 ದಿನಕ್ಕೆ ಎರಡನೆಯದು ಆಗಬೇಕು. ತರಬೇತಿ ಮುಂದೆ ಹೋಯಿತು ಅಂತ ಸಿಂಪಡಣೆಯನ್ನೂ ನಿಲ್ಲಿಸಿದರೆ ಕೊಳೆ ಹಿಡಿಯುತ್ತದೆ.

ತೀರ್ಥಹಳ್ಳಿ_ಮೇಷ್ಟ್ರು

‘ಬೈ 19 ಜುಲೈ’ ಬೇಡ. ‘ಬೈ’ ಆದ ಮೇಲೆ ಅವಧಿ ಬರಬೇಕು, ‘ಬೈ ಎ ವೀಕ್’. ತಾರೀಖು ಬರುವುದಾದರೆ ‘ಅಂಟಿಲ್’ ಅಥವಾ ‘ಟಿಲ್’. ‘ಬೈ 19 ಜುಲೈ’ ಅಂದರೆ 19ರೊಳಗೆ ಅಂತಾಗಿ ಮತ್ತೆ ಫೋನ್ ಬರುತ್ತದೆ. ‘ಪೋಸ್ಟ್‌ಪೋನ್ಡ್’ ಬರೆಯುವುದಾದರೆ ‘ಟು 19 ಜುಲೈ’ ಕೂಡ ಸರಿ. ಗಾರ್ಡನ್ ತಪ್ಪಲ್ಲ, ಕೃಷಿ ಬರವಣಿಗೆಯಲ್ಲಿ ‘ಅರೆಕಾನಟ್ ಗಾರ್ಡನ್’ ರೂಢಿಯಲ್ಲಿದೆ. ಬರೀ ಗಾರ್ಡನ್ ಅಂದರೆ ಹೂದೋಟ ಅಂದುಕೊಂಡಾರು, ಮುಂದೆ ಅರೆಕಾನಟ್ ಸೇರಿಸಿ.

ಕೋರ್ಟ್_ಬೆರಳಚ್ಚು

ಸ್ಪ್ರೇ ಸಾಲನ್ನು ತಜ್ಞರ ಪತ್ರದಿಂದ ತೆಗೆದು ಬೆಳೆಗಾರರ ಗುಂಪಿಗೆ ಪ್ರತ್ಯೇಕವಾಗಿ, ಕನ್ನಡದಲ್ಲೇ ಹಾಕಿ. ಪ್ರಮಾಣವನ್ನೂ ಬರೆಯಿರಿ: ಶೇ 1ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಒಂದೇ ಕಾಗದದಲ್ಲಿ ಎರಡು ಪುಟ್ ಆಫ್ ಇದ್ದರೆ ಯಾವುದು ಮುಂದೆ ಹೋಯಿತು, ಯಾವುದು ಹೋಗಬಾರದು ಅಂತ ಅವಸರದಲ್ಲಿ ಓದುವವರಿಗೆ ತಪ್ಪುತ್ತದೆ.

ಸಾಗರ_ಬೆಳೆಗಾರರ_ಬಳಗ

ತಜ್ಞರಿಗೆ ಈಗ ಹೋದ ಪ್ರತಿ:

‘ಬಿಕಾಸ್ ಆಫ್ ಹೆವಿ ರೇನ್, ದಿ ಟ್ರೈನಿಂಗ್ ಫಿಕ್ಸ್ಡ್ ಫಾರ್ ಸಂಡೇ, 12 ಜುಲೈ, ಹ್ಯಾಸ್ ಬೀನ್ ಪುಟ್ ಆಫ್ ಅಂಟಿಲ್ ಸಂಡೇ, 19 ಜುಲೈ. ದಿ ವಿಸಿಟ್ ಟು ದಿ ಅರೆಕಾನಟ್ ಗಾರ್ಡನ್ ವಿಲ್ ಬಿ ಆನ್ ದಿ ಸೇಮ್ ಡೇ.’

ಸ್ಪ್ರೇ ವಿಷಯ ಬೆಳೆಗಾರರ ಗುಂಪಿಗೆ ಕನ್ನಡದಲ್ಲಿ ಬೇರೆಯಾಗಿ ಹೋಗಿದೆ, ಪ್ರಮಾಣದ ಸಮೇತ. ತಜ್ಞರಿಬ್ಬರೂ 19 ಅಂತ ಖಚಿತಪಡಿಸಿದ್ದಾರೆ.